ಹಳದಿ ಸಾಲು ಓದುವ ಅಮೃತಾ

ಹಿಂದೂಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರಿಗಿ ರಸ್ತೆಯ ಬಾಡಿಗೆ ಮನೆಯ ಅಡುಗೆಕೋಣೆಯಲ್ಲೇ ಅಮೃತಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಒಲೆಯ ಮೇಲೆ ಹಾಲು, ಪರದೆಯ ಮೇಲೆ ಒಂದರ ಕೆಳಗೊಂದು ಹಳದಿ ಸಾಲು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್, ಅನುಮಾನ ಬಂದ ಕಡೆಯೆಲ್ಲ ಹೀಗೆ ಹಳದಿ ಬಣ್ಣದಲ್ಲಿ ಎಚ್ಚರಿಸುತ್ತದೆ. ಎಚ್ಚರಿಸಿದರೂ ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿ ಬಹಳ ಜನ ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ. ಅಮೃತಾ ಓದುತ್ತಾರೆ. ಹನ್ನೊಂದು ವರ್ಷದಿಂದ ಅದೇ ಅವರ ಕೆಲಸ.

"ಹಾಲು ಉಕ್ತಾ ಐತೆ ಕಣಮ್ಮಿ! ಅದು ಬಯ್ಯೋದನ್ನ ಆಮೇಲೆ ಓದೀವಂತೆ," ಎಂದು ಅತ್ತೆ ಚೌಡಕ್ಕ ಗದರುತ್ತಾರೆ. ಸೊಸೆ ಪರದೆಯಿಂದ ಕಣ್ಣು ತೆಗೆಯದೆ ಕೈಚಾಚಿ ಒಲೆ ಆರಿಸುತ್ತಾರೆ.

ಅಮೃತಾ ಆಂಧ್ರದ ಗಡಿಯ ಕುಂದುರ್ಪಿ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಆಮೇಲೆ ಡಿಪ್ಲೊಮಾ. ಈಗ ಆಸ್ಪತ್ರೆ ಯಂತ್ರಗಳನ್ನು ಮಾಡುವ ಸಣ್ಣ ಕಂಪನಿಯೊಂದರಲ್ಲಿದ್ದಾರೆ. ಸಿರಿಂಜಿನ ಔಷಧವನ್ನು ತುಸುತುಸುವೇ ರೋಗಿಯ ಮೈಗೆ ತಳ್ಳುವ ಪಂಪು ಅಲ್ಲಿ ತಯಾರಾಗುತ್ತದೆ. ಪಂಪಿನೊಳಗೊಂದು ಆಪರೇಟಿಂಗ್ ಸಿಸ್ಟಮ್. ಅದಕ್ಕೂ ಮೋಟಾರಿಗೂ ನಡುವೆ ಮಾತು ಮುಟ್ಟಿಸುವುದು ಡ್ರೈವರ್ ಎಂಬ ಪ್ರೋಗ್ರಾಮು. ಆ ಡ್ರೈವರಿನ ಹಳದಿ ಸಾಲುಗಳು ಇವರ ಪಾಲಿಗೆ. ದಿನಕ್ಕೆ ನಲವತ್ತೋ ಐವತ್ತೋ. ಕತ್ತು ನೋವು ಬಿಟ್ಟುಹೋಗಿಲ್ಲ, ಬಡ್ತಿ ಹತ್ತಿರ ಸುಳಿದಿಲ್ಲ. ಆಫೀಸಿನಲ್ಲಿ ಇಟ್ಟ ಹೆಸರು 'ಅಡ್ಡಗಾಲು ಅಮೃತಾ'.

ಹೋದ ವರ್ಷ ಅವರು ನಿಜಕ್ಕೂ ಅಡ್ಡಗಾಲು ಹಾಕಿದರು. ಕಲ್ಯಾಣದುರ್ಗದ ಆಸ್ಪತ್ರೆಯೊಂದಕ್ಕೆ ಮಾರನೆಯ ದಿನ ಪಂಪುಗಳು ಹೋಗಬೇಕಿತ್ತು. ಒಂದು ಹಳದಿ ಸಾಲು ಉಳಿದಿತ್ತು. ಮೋಟಾರು ತಿರುಗಿದ ಲೆಕ್ಕ ದೊಡ್ಡದು, ಅದನ್ನು ಇಟ್ಟಿದ್ದು ಹದಿನಾರು ಬಿಟ್‌ಗಳ ಸಣ್ಣ ಜಾಗದಲ್ಲಿ. ಅಲ್ಲಿ 65,535 ದಾಟಿದರೆ ಹಳೇ ಸ್ಕೂಟರಿನ ಮೀಟರಿನಂತೆ ಮತ್ತೆ ಸೊನ್ನೆ. ಕೊಟ್ಟ ಔಷಧವನ್ನೇ ಕೊಟ್ಟಿಲ್ಲವೆಂದುಕೊಂಡು ಪಂಪು ಮತ್ತೆ ತಳ್ಳೀತು.

ಇದಕ್ಕೊಂದು ಸುಲಭದ ದಾರಿ ಇದೆ. 'ಕಾಸ್ಟ್' ಎಂಬ ಒಂದು ಪದ ಸೇರಿಸಿ, ಸಣ್ಣ ಜಾಗಕ್ಕೇ ತುರುಕು ಎಂದು ಅಪ್ಪಣೆ ಕೊಟ್ಟರೆ ಕಂಪೈಲರ್ ಸುಮ್ಮನಾಗುತ್ತದೆ. ತಂಡದ ಮುಖ್ಯಸ್ಥ ಆನಂದಕುಮಾರ್ ಹೇಳಿದ್ದೂ ಅದನ್ನೇ: "ಕಾಸ್ಟ್ ಹಾಕ್ಬುಡಮ್ಮ, ಹಳದಿ ಹೋಯ್ತದೆ. ಅಂದರೂ ಅದೇ ಚೇಸ್ತಾರು, ಎಲ್ಲಾರೂ ಮಾಡೋದು ಅದನ್ನೇ."

"ಹಳದಿ ಹೋಯ್ತದೆ ಸಾರ್, ತಪ್ಪು ಎಲ್ಲಿಗೋಯ್ತದೆ?" ಎಂದರಂತೆ ಅಮೃತಾ.

ಜಾಗ ದೊಡ್ಡದು ಮಾಡಿದರು. ಆ ಲೆಕ್ಕ ಮುಟ್ಟಿದ ಕಡೆಯೆಲ್ಲ ತಿದ್ದಬೇಕಾಯಿತು, ಮತ್ತೆ ಪರೀಕ್ಷೆ ಮಾಡಬೇಕಾಯಿತು. ಒಂದು ವಾರಕ್ಕೂ ಮಿಕ್ಕಿ ತಡ. ಅಷ್ಟರಲ್ಲಿ ಕಲ್ಯಾಣದುರ್ಗದಿಂದ ನರ್ಸ್ ಉಮಾದೇವಿಯ ಫೋನು: "ಇಲ್ಲಿ ತಿಂಗಳು ತುಂಬದ ಕೂಸೈತೆ ಕಣಮ್ಮ. ಕೈಯಾಗೇ ಸಿರಿಂಜ್ ತಳ್ತಾ ಕುಂತಿದೀವಿ. ನಿಮ್ಮ ಪಂಪು ಯಾವಾಗ ಬತ್ತದೆ?"

ಇದನ್ನು ನನಗೆ ಹೇಳುವಾಗ ಅಮೃತಾರ ದನಿ ತಗ್ಗುತ್ತದೆ. "ಕಳಿಸಿದ್ರೆ ಏನಾಯ್ತದೋ ಅಂತ ಒಂದು ಭಯ ಕಣಣ್ಣ, ಕಳಿಸದೆ ಆ ಕೂಸಿಗೆ ಏನಾರ ಆಗ್ಬುಟ್ರೆ ಅಂತ ಇನ್ನೊಂದು. ಆಗಿದ್ರೆ ತಪ್ಪು ನಂದೇ."

ಪಂಪು ಹೋದ ಮರುದಿನ ತಡೆಯಲಾರದೆ ಕಲ್ಯಾಣದುರ್ಗದ ಬಸ್ಸು ಹತ್ತಿದರು. ಕೂಸು ಉಸಿರಾಡುತ್ತಿತ್ತು. ಪಕ್ಕದಲ್ಲಿ ಪಂಪು ಹಿಂದಿನ ದಿನದಿಂದ ಒಂದೇ ಸಮ ಓಡುತ್ತಿತ್ತು. ಹಳೆಯ ಲೆಕ್ಕದಲ್ಲಿ ಸೊನ್ನೆಗೆ ಬೀಳಬೇಕಿದ್ದ ಹೊತ್ತು ಎಂದೋ ದಾಟಿತ್ತು. ಕೊಟ್ಟ ಔಷಧದ ಅಂಕಿ ಸರಿಯಾಗಿ ಏರುತ್ತಲೇ ಇತ್ತು. ಉಮಾದೇವಿಯ ಸಿಟ್ಟು ಇಳಿದಿರಲಿಲ್ಲ. "ನಿಮ್ಮ ದೆಸೆಯಿಂದ ನಮ್ಮ ಕೈ ಬಿದ್ದೋದ್ವು," ಎಂದರು. ಕೂಸಿನ ತಾಯಿ ಕೊಂಡಮ್ಮ ಇವರನ್ನೂ ನರ್ಸೆಂದು ತಿಳಿದು, ಮಿಷನ್ನು ನೋಡ್ಕೊಳ್ಳಮ್ಮ ಎಂದು ಹೇಳಿ ಬಾಗಿಲಲ್ಲೇ ಒರಗಿ ನಿದ್ದೆ ಹೋದರಂತೆ. ಆಕೆ ಏಳುವವರೆಗೆ ಅಮೃತಾ ಅಲ್ಲೇ ನಿಂತಿದ್ದರು.

ಆ ಹೆಣ್ಣುಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ಕೊಂಡಮ್ಮನಿಗೆ ಅಮೃತಾ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಇಷ್ಟು ಮಾಡಿಯೂ ಹೆಸರಿಲ್ಲವಲ್ಲ, ಬೇಸರವಾಗುವುದಿಲ್ಲವೇ ಎಂದು ಕೇಳಿಯೇಬಿಟ್ಟೆ.

ಅಮೃತಾ ಮುಂದಿನ ಹಳದಿ ಸಾಲಿಗೆ ಇಳಿದರು.

"ಹೆಸರು ಬ್ಯಾಡ ಕಣಣ್ಣ. ನಮ್ಮ ಹೆಸರು ಹುಡುಕ್ಕೊಂಡು ಯಾರಾರ ಬಂದ್ರು ಅಂದ್ರೆ, ಎಲ್ಲೋ ಪಂಪು ತಪ್ಪಿ ಒಂದು ಕೂಸು ಹೋಗೈತೆ ಅಂತ್ಲೇ."