ಅಕ್ಕಿಹಿಟ್ಟಿನ ಪಾರಿವಾಳಗಳು

ನಾನು ಚಿಕ್ಕವನಿದ್ದಾಗಲೇ ಮುದುಕರಷ್ಟು ಚಿಂತೆ ಮಾಡುತ್ತಿದ್ದೆ, ಮಕ್ಕಳೇ. ಅಕ್ಕ ಬೀದಿಗೆಲ್ಲ ರಂಗೋಲಿ ಹಾಕಿಸಿದ ದಿನದ ಚಿಂತೆಗಳನ್ನಂತೂ ಕೇಳಲೇಬೇಡಿ. ಮಳೆ ಬರಬಹುದು, ಪೊಲೀಸರು ಬರಬಹುದು, ಅಪ್ಪನ ಸರ್ಕಾರಿ ನೌಕರಿ ಹೋಗಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಎದುರುಮನೆಯ ಅಜ್ಜಿ ಅತ್ತುಬಿಡಬಹುದು.

ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ಜಯನಗರದ ನಮ್ಮ ಬೀದಿಯವರೆಲ್ಲ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದರು. ಕಾಲೇಜು ಓದುತ್ತಿದ್ದ ಅಕ್ಕ ಮಾತ್ರ ಮನೆಮನೆಗೂ ಹೋಗಿ, “ಯುದ್ಧ ಸಾಕು ಅಂತ ನಾವೂ ಹೇಳೋಣ, ನಾಳೆ ಎಲ್ಲರ ಬಾಗಿಲಲ್ಲೂ ಪಾರಿವಾಳದ ರಂಗೋಲಿ ಹಾಕೋಣ” ಎಂದಳು. ಎಲ್ಲ ಕಡೆಯೂ ಒಂದೇ ಉತ್ತರ: “ಎದುರುಮನೆ ಅಜ್ಜಿ ಹಾಕಿದ್ರೆ ನಾವೂ ಹಾಕ್ತೀವಮ್ಮ.” ಅಜ್ಜಿಯ ಮೊಮ್ಮಗ ಸೈನಿಕ. ಗಡಿಯಲ್ಲೇ ಇದ್ದ.

ಧೈರ್ಯಕ್ಕೆ ಅಕ್ಕ ನನ್ನನ್ನು ಕರೆದುಕೊಂಡು ಹೋದಳು. ನೋಡಿ, ಎಂಥವನನ್ನು! ಅಜ್ಜಿ ಮೊರದಲ್ಲಿ ರೇಷನ್ ಅಕ್ಕಿಯ ಕಲ್ಲು ಆರಿಸುತ್ತಿದ್ದರು.

“ನನ್ನ ಮೊಮ್ಮಗ ಅಲ್ಲಿ ಬಂದೂಕು ಹಿಡ್ಕೊಂಡು ನಿಂತಿದ್ದಾನೆ, ನೀನಿಲ್ಲಿ ಹಕ್ಕಿ ಬಿಡಿಸ್ತೀನಿ ಅಂತೀಯಲ್ಲೇ!”

“ಅಣ್ಣ ಬೇಗ ಮನೆಗೆ ಬರ್ಲಿ ಅಂತ, ಅಜ್ಜಿ.”

ಅಜ್ಜಿಯ ಕೈ ನಿಂತಿತು. ಮೊರ ಪಕ್ಕಕ್ಕಿಟ್ಟು ಹೇಳಿದರು: “ಹಾಗಾದ್ರೆ ಕಲ್ಲುಪುಡೀಲಿ ಬೇಡ, ಅಕ್ಕಿಹಿಟ್ಟಲ್ಲೇ ಹಾಕ್ಬೇಕು. ಹರಕೆ ಅಂದ್ಮೇಲೆ ಇರುವೆಗಾದ್ರೂ ಒಂದು ತುತ್ತು ಸಿಗ್ಲಿ.”

ಅಕ್ಕಿಗೇ ಬರವಿದ್ದ ಕಾಲವದು. ಆದರೂ ಬೆಳಗಾಗುವಷ್ಟರಲ್ಲಿ ಸಗಣಿನೀರಿನ ವಾಸನೆಯ ನಡುವೆ ಬೀದಿಯುದ್ದಕ್ಕೂ ಬಿಳೀ ಪಾರಿವಾಳಗಳು! “ರಾಜೀನಾಮೆ ಬರೆದಿಟ್ಟುಕೊಳ್ಳಲಾ?” ಎಂದು ಗೊಣಗಿದ್ದ ಅಪ್ಪನೇ ಬಗ್ಗಿ, ನಮ್ಮ ಪಾರಿವಾಳಕ್ಕೆ ಅರಿಸಿನದ ಕಣ್ಣಿಟ್ಟ.

ಮಳೆ ಬರಲಿಲ್ಲ. ಪೊಲೀಸರೂ ಬರಲಿಲ್ಲ. ಪತ್ರಿಕೆಯವರು ಕ್ಯಾಮೆರಾ ಹಿಡಿದು ಬಂದರು. ಆದರೆ ಅವರಿಗಿಂತ ಮೊದಲೇ ಗುಬ್ಬಿಗಳು ಬಂದಿದ್ದವು. ಒಂದು ಬಾಗಿಲಲ್ಲಿ ಬರೀ ರೆಕ್ಕೆ, ಇನ್ನೊಂದರಲ್ಲಿ ಬರೀ ಬಾಲ ಉಳಿದಿತ್ತು. ಕ್ಯಾಮೆರಾ ಮತ್ತೆ ಚೀಲದೊಳಗೆ ಹೋಯಿತು. ಅಕ್ಕ ಮೆಟ್ಟಿಲ ಮೇಲೆ ಕುಸಿದಳು. ಅಜ್ಜಿ ಮಾತ್ರ ಯುದ್ಧ ಶುರುವಾದ ಮೇಲೆ ಮೊದಲ ಸಲ ನಕ್ಕರು. “ಬಿಡೇ, ಹಸಿದೋರು ಉಂಡ್ಕೊಂಡು ಹೋದ್ರು. ನಾಳೆ ಮತ್ತೆ ಹಾಕೋಣ.” ಮೊಮ್ಮಗ ಮನೆಗೆ ಬರುವವರೆಗೂ ದಿನಾ ಹಾಕಿದರು, ಅವರ ಜೊತೆ ಬೀದಿಯೂ ಹಾಕಿತು. ಗುಬ್ಬಿಗಳು ದಿನಾ ತಿಂದವು.

ನಿಮ್ಮ ಫ್ಲ್ಯಾಟಿನ ಬಾಗಿಲಲ್ಲಿರುವುದು ಸ್ಟಿಕ್ಕರ್ ರಂಗೋಲಿ, ವರ್ಷವಾದರೂ ಅಳಿಸುವುದಿಲ್ಲ. ಮೊನ್ನೆ ಟೀವಿಯಲ್ಲಿ ಯಾವುದೋ ದೇಶದ ಯುದ್ಧ ನೋಡಿ, ಹಕ್ಕಿ ಬಾರದಂತೆ ಬಲೆ ಕಟ್ಟಿರುವ ಬಾಲ್ಕನಿಯಲ್ಲಿ ನಾನೊಂದು ಅಕ್ಕಿಹಿಟ್ಟಿನ ಪಾರಿವಾಳ ಹಾಕಿದೆ. “ತಾತ, ಇದು ಕೋಳಿ!” ಎಂದು ನೀವು ನಕ್ಕಿರಿ. ಗಾಳಿಗೆ ಹಾರೀತು, ಕೆಳಗಿನ ಮನೆಯವರು ಬೈದಾರು ಎಂದೆಲ್ಲ ಚಿಂತಿಸಿದೆ.

ಏನೂ ಆಗಲಿಲ್ಲ. ಸಂಜೆಯಾದರೂ ಕೋಳಿ ಹಾಗೇ ಇತ್ತು. ಕೆಡಿಸಲು ಒಂದು ಗುಬ್ಬಿಯೂ ಬರಲಿಲ್ಲ.