ದೇವಕ್ಕನ ಕಣದಲ್ಲಿ ಎದ್ದ ದಿಬ್ಬ

ಕಾಶಿನಾಥನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು. ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೊರಟರೆ ಎಡಕ್ಕೆ ಸಿಗುವ ಆ ಊರಿನಲ್ಲಿ ಹಿಟ್ಟಿನ ಗಿರಣಿ ಇರುವುದು ಅವನದೊಂದೇ. ಕರೆಂಟು ಹೋಗುವ ಹೊತ್ತಿಗೆ ಸರಿಯಾಗಿ ಡಬ್ಬಿ ಹಿಡಿದು ಬಂದವರಿಗೂ, ಸರದಿ ಬಿಟ್ಟು ನನ್ನ ಗೋದಿ ಮೊದಲು ಹಾಕು ಎಂದವರಿಗೂ, ಖಾರ ಕುಟ್ಟುವ ಯಂತ್ರ ಕೆಟ್ಟು ಬಿದ್ದದ್ದನ್ನು ಕಣ್ಣಾರೆ ಕಂಡೂ ಮೆಣಸಿನಕಾಯಿ ಚೀಲ ಇಳಿಸಿದವರಿಗೂ ಅವನದು ಒಂದೇ ಉತ್ತರ: “ನೋಡೂಣು.” ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ಕೇಳಿದವರು ತಮಗೆ ಬೇಕಾದ ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ಆಮೇಲೆ ಜಗಳಕ್ಕೂ ಅವರೇ ಬರುತ್ತಿದ್ದರು.

ವಯಸ್ಸು ನಲವತ್ತೇಳು. ತಲೆ ಎಷ್ಟು ನೆರೆತಿದೆ, ಎಷ್ಟು ಹಿಟ್ಟಾಗಿದೆ ಎಂಬುದು ಸ್ನಾನವಾದ ಮೇಲೇ ತಿಳಿಯಬೇಕು. ಇಪ್ಪತ್ತೈದು ವರ್ಷ ಗಿರಣಿಯ ಸದ್ದು ಕೇಳೀ ಕೇಳೀ ಕಿವಿ ಸ್ವಲ್ಪ ಮಂದ. ಹೆಂಡತಿ ಶೈಲಾ ಅವನ ಜೊತೆ ಗುಟ್ಟಿನ ಮಾತಾಡಿದರೂ ಓಣಿಗೆಲ್ಲ ಕೇಳಿಸುತ್ತಿತ್ತು. ಇಂಥ ಮನುಷ್ಯ ಒಂದು ದಿನ ಸೈಕಲ್ಲನ್ನು ಗಾಳಿಯಲ್ಲಿ ಹಾರಿಸುತ್ತೇನೆಂದು ಹೊರಟರೆ ಯಾರು ನಂಬಬೇಕು?

ಶುರುವಾದದ್ದು ಹುಬ್ಬಳ್ಳಿಯಲ್ಲಿ. ಗಿರಣಿಯ ಗಾಲಿಗೆ ಸುತ್ತುವ ಪಟ್ಟಾ ತರಲು ಹೋದವನು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅಡ್ಡಾಡುತ್ತಿದ್ದಾಗ, ಒಂದು ಖಾಲಿ ಜಾಗದಲ್ಲಿ ಮಣ್ಣಿನ ದಿಬ್ಬ ಕಟ್ಟಿಕೊಂಡು ನಾಲ್ಕಾರು ಮಂದಿ ಸೈಕಲ್ ಹಾರಿಸುವುದನ್ನು ಕಂಡ. ಒಂದು ದಿಬ್ಬ ಏರುವುದು, ನಡುವಿನ ತಗ್ಗನ್ನು ಗಾಳಿಯಲ್ಲೇ ದಾಟುವುದು, ಆಚೆಯ ದಿಬ್ಬದ ಇಳಿಜಾರಿನ ಮೇಲೆ ಇಳಿಯುವುದು. ಅವರಲ್ಲೊಬ್ಬನಿಗೆ ಗಡ್ಡ ನೆರೆತಿತ್ತು. ಕಾಶಿನಾಥ ಬಾಯಿ ತೆರೆದು ನೋಡುತ್ತ ನಿಂತ. ನೆಲದ ಮೇಲೆ ಗರಗರ ಎನ್ನುತ್ತಿದ್ದ ಗಾಲಿ, ಮೇಲೆ ಹೋದ ಕೂಡಲೇ ಸದ್ದು ನಿಲ್ಲಿಸಿಬಿಡುತ್ತಿತ್ತು. ಹಾರುವುದಕ್ಕಿಂತ ಆ ಸದ್ದಿಲ್ಲದ ಒಂದು ಕ್ಷಣವೇ ಅವನ ತಲೆ ಕೆಡಿಸಿತು. ಎರಡು ಬಸ್ಸು ತಪ್ಪಿದವು. ಮನೆಗೆ ಬಂದಾಗ ಪಟ್ಟಾ ಮರೆತು ಬಂದಿದ್ದ.

ಅಣ್ಣಿಗೇರಿಯಲ್ಲಿ ಸೈಕಲ್ ರಿಪೇರಿ ಮಾಡುವ ಬುಡನಸಾಬನಿಗೆ ಅವನು ವಿಷಯ ಹೇಳಿದ. ಅರವತ್ತು ದಾಟಿದ ಬುಡನಸಾಬ ನಗಲಿಲ್ಲ, ಅದೇ ದೊಡ್ಡ ಉಪಕಾರ. ಹುಬ್ಬಳ್ಳಿಯ ಪರಿಚಯದವರ ಹತ್ತಿರ ಮೂಲೆಗೆ ಬಿದ್ದಿದ್ದ ಅಂಥದೇ ಒಂದು ಸೈಕಲ್ ಹುಡುಕಿ ತಂದು, ಬೇರಿಂಗ್ ಬದಲಿಸಿ, ದಪ್ಪನೆಯ ಟಾಯರು ಹಾಕಿ, ಹೆಲ್ಮೆಟ್ ಒಂದನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಕೊಟ್ಟ. ಆ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಗಂಟೆ ಇಲ್ಲ, ಬ್ರೇಕು ಹಿಂದಿನ ಗಾಲಿಗೆ ಮಾತ್ರ. ಸೀಟಂತೂ ಮೊಣಕಾಲಿಗಿಂತ ಒಂದಿಷ್ಟು ಮೇಲೆ. ಹಿಟ್ಟು ಹಾಕಿಸಲು ಬಂದ ಹೆಂಗಸರು ಅದರ ಸುತ್ತ ತಿರುಗಿ ನೋಡಿ, ಕೂಡಲು ಬಾರದ ಸೈಕಲ್ಲನ್ನು ಯಾವ ಪುಣ್ಯಾತ್ಮ ಮಾಡಿದ, ಯಾವ ಪುಣ್ಯಾತ್ಮ ತಂದ ಎಂದು ಸೆರಗು ಬಾಯಿಗಿಟ್ಟು ನಕ್ಕರು. ಇದನ್ನು ನಿಂತೇ ಹೊಡೆಯುತ್ತಾರೆ ಎಂದು ಕಾಶಿನಾಥ ಹೇಳಿದ ಮೇಲೆ ಇನ್ನೂ ಜಾಸ್ತಿ ನಕ್ಕರು.

ಸೈಕಲ್ ಬಂತು, ನೆಲ ಎಲ್ಲಿ? ಆ ಸೀಮೆಯದೆಲ್ಲ ಎರೆಭೂಮಿ. ಮಳೆ ಬಂದರೆ ಕಾಲಿಗೆ ಮೆತ್ತಿ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲಿಗೆ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲದ ಬದುವಿನ ಬಾಜು ಕಟ್ಟಿದ ಮೊದಲ ದಿಬ್ಬ ವಾರದೊಳಗೆ ಒಡೆದು ಹೋಳಾಯಿತು. ಗಟ್ಟಿ ನೆಲ ಎಂದರೆ ಇಡೀ ಊರಿನಲ್ಲಿ ಒಂದೇ, ಅದು ಅವನ ಮನೆಯ ಹಿತ್ತಲಿಗೆ ಹೊಂದಿಕೊಂಡ ಕಣ.

ಆ ಕಣವೆಂದರೆ ಅವನ ತಾಯಿ ದೇವಕ್ಕನ ಜೀವ. ಅವಳು ಸೊಸೆಯಾಗಿ ಬಂದ ವರ್ಷ ಅವಳ ಮಾವ ದೂರದಿಂದ ಚಕ್ಕಡಿಯಲ್ಲಿ ಕೆಂಪು ಮಸಾರಿ ಮಣ್ಣು ಹೇರಿ ತಂದು, ನೀರು ಹೊಡೆದು, ಕಲ್ಲುಗುಂಡು ಉರುಳಿಸಿ ಮಾಡಿದ ಕಣ ಅದು. ಸುಗ್ಗಿ ಬಂತೆಂದರೆ ಸಗಣಿ ಹಾಕಿ ಸಾರಿಸುವುದು ಅವಳದೇ ಕೆಲಸ. ನಡುವೆ ಮೇಟಿ ಕಂಬ, ಅದರ ಸುತ್ತ ತೆನೆ ತುಳಿಯುತ್ತ ತಿರುಗುವ ಎತ್ತುಗಳ ಹಂತಿ, ರಾತ್ರಿಯೆಲ್ಲ ಹಾಡು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ನಿಂತಿತು, ಮೇಟಿ ಇದ್ದಲ್ಲಿ ಒಂದು ಕುಳಿ ಮಾತ್ರ ಉಳಿಯಿತು. ಆದರೂ ಕಣದೊಳಗೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡಬಾರದು. ಒಮ್ಮೆ ಅವಳ ಮೈದುನ ಟ್ರ್ಯಾಕ್ಟರ್ ತಿರುಗಿಸಲು ಕಣದ ಮೇಲೆ ಗಾಲಿ ಹಾಯಿಸಿದ್ದಕ್ಕೆ, ಅವನು ಸಾಯುವವರೆಗೂ ಅವಳು ಅವನ ಜೊತೆ ಮಾತಾಡಲಿಲ್ಲ. ಎದುರಿಗೆ ಬಂದರೆ ಊಟಕ್ಕೆ ಬಡಿಸುವಳು, ಮಾತು ಮಾತ್ರ ಇಲ್ಲ.

ಹೋದ ವರ್ಷ ಪ್ಲಾಟು ಹಾಕುವ ಜನ ಬಂದು ಕಣ ಕೊಡುತ್ತೀರಾ ಎಂದು ಕೇಳಿದ್ದರು. ಕಾಶಿನಾಥ ಎಂದಿನಂತೆ “ನೋಡೂಣು” ಎಂದು ಚಹಾ ಕುಡಿಸಿ ಕಳಿಸಿದ್ದ. ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದ ದೇವಕ್ಕ ಅದನ್ನು ಕೇಳಿಸಿಕೊಂಡಿದ್ದಳು.

ಈ ಚೈತ್ರದಲ್ಲಿ ದೇವಕ್ಕ ಕಲಘಟಗಿಗೆ ಮಗಳ ಮನೆಗೆ ಹೋದಳು. ಅಲ್ಲಿ ಮೊಮ್ಮಗಳಿಗೆ ಹೆರಿಗೆಯಾಗಿತ್ತು. ಕೂಸಿನ ತೊಟ್ಟಿಲು ಮುಗಿಸಿಕೊಂಡು ತಿಂಗಳ ಕೊನೆಗೆ ಬರುವೆನೆಂದಿದ್ದಳು. ಅವಳ ಬಸ್ಸು ಮರೆಯಾದದ್ದೇ ತಡ, ಕಾಶಿನಾಥ ಗುದ್ದಲಿ ಸಲಿಕೆ ಹೊರತೆಗೆದ. ಅವ್ವ ಬಂದರೆ ಏನು ಹೇಳುತ್ತೀರಿ ಎಂದು ಶೈಲಾ ಕೇಳಿದಳು. ಉತ್ತರ ಏನಿರುತ್ತದೆಂದು ಗೊತ್ತಿದ್ದುದರಿಂದ ಉತ್ತರಕ್ಕೆ ಕಾಯಲೂ ಇಲ್ಲ. ಅವನು ಕಣದ ಒಂದು ಅಂಚಿನಲ್ಲಿ ಉದ್ದಕ್ಕೆ ಅಗೆದು ಮಣ್ಣು ತೆಗೆದ. ಬಿದ್ದುಹೋದ ದನದ ಕೊಟ್ಟಿಗೆಯ ಇಟ್ಟಂಗಿ ತಂದು ಒಟ್ಟಿ, ಅದರ ಮೇಲೆ ಮಣ್ಣು ಬಡಿದು, ಸೊಂಟದೆತ್ತರದ ಎರಡು ದಿಬ್ಬ ಎಬ್ಬಿಸಿದ. ಬೆಳಿಗ್ಗೆ ಗಿರಣಿ ತೆಗೆಯುವ ಮೊದಲು, ಸಂಜೆ ಮುಚ್ಚಿದ ಮೇಲೆ, ಇದೇ ಕೆಲಸ. ಅಂಗೈಯಲ್ಲಿ ಬೊಬ್ಬೆ ಎದ್ದವು. ಹೊಟ್ಟೆ ಒಂದಿಷ್ಟು ಒಳಗೆ ಹೋಯಿತು.

ದಿಬ್ಬವೇನೋ ಆಯಿತು, ಹಾರುವುದೇ ಆಗಲಿಲ್ಲ. ಮೇಟಿಯ ಕುಳಿಯ ಹತ್ತಿರದಿಂದ ಜೋರಾಗಿ ತುಳಿದುಕೊಂಡು ಬರುವನು, ದಿಬ್ಬ ಅರ್ಧ ಏರುವನು, ತುದಿ ಕಂಡದ್ದೇ ಜೀವ ಬಾಯಿಗೆ ಬಂದು ಬ್ರೇಕು ಹಿಡಿಯುವನು. ಒಂದು ರವಿವಾರ ಬುಡನಸಾಬ ಬಂದು ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡಿದ.

“ಕಾಶೀ, ಬ್ರೇಕಿನ ಮ್ಯಾಲಿಂದ ಬೆರಳ ತಗಿ. ಅದು ಇರೂತನಾ ನೀ ಹಾರೂದಿಲ್ಲ.”

“ನೋಡೂಣು ಕಾಕಾ,” ಎಂದ ಕಾಶಿನಾಥ.

ಅದರ ಮರುದಿನ ಮುಂಜಾನೆ ಕಲಘಟಗಿಯಿಂದ ತಂಗಿಯ ಫೋನು ಬಂತು. ಅವ್ವ ಉಪ್ಪಿಟ್ಟಿನ ತಾಟು ಹಾಗೇ ಬಿಟ್ಟು ಎದ್ದು ಬಸ್ಸು ಹತ್ತಿದ್ದಾಳೆ, ಯಾರದೋ ಫೋನು ಬಂದಿತ್ತು, ಕಣ ಕಣ ಎನ್ನುತ್ತಿದ್ದಳು, ನೀನೇನು ಮಾಡಿದ್ದೀ ಎಂದು ಕೇಳಿದಳು. ಪಕ್ಕದ ಮನೆಯ ಬಸವಣ್ಣೆಪ್ಪನೇ ಫೋನು ಮಾಡಿರಬೇಕು. ಊರಿನ ಸುದ್ದಿ ಊರಲ್ಲೇ ಉಳಿದರೆ ಆತನಿಗೆ ಉಂಡದ್ದು ಕರಗುವುದಿಲ್ಲ.

ಗಿರಣಿಗೆ ಕೀಲಿ ಹಾಕಿ ಓಡಿಬಂದು ದಿಬ್ಬ ಕೆಡವಲು ನಿಂತ. ಆದರೆ ಇಷ್ಟು ದಿನ ಪ್ರೀತಿಯಿಂದ ಬಡಿದು ಕೂರಿಸಿದ ಮಣ್ಣು ಸಲಿಕೆಗೆ ಬಗ್ಗಲಿಲ್ಲ. ಕೆಡವಿದರೂ ಅಗೆದ ತಗ್ಗನ್ನು ಎಲ್ಲಿ ಮುಚ್ಚಿಡುವುದು? ಟ್ರ್ಯಾಕ್ಟರ್ ಹಾಯಿಸಿದ್ದ ಚಿಕ್ಕಪ್ಪನ ನೆನಪು ಬಂತು. ಒಂದೇ ಮನೆಯಲ್ಲಿದ್ದು, ಅದೇ ಕೈಯ ಊಟ ಉಂಡು, ಮಾತಿಲ್ಲದೆ ಅವ್ವನ ಜೊತೆ ಬದುಕುವುದು ಹೇಗೆ? ಸಲಿಕೆ ಊರಿಕೊಂಡು ಅಲ್ಲೇ ನಿಂತ.

ಮಧ್ಯಾಹ್ನದ ಬಸ್ಸಿಗೆ ದೇವಕ್ಕ ಇಳಿದಳು. ಮನೆಗೆ ಹೋಗಲಿಲ್ಲ, ಕೈಚೀಲ ಹಿಡಿದುಕೊಂಡೇ ಹಿತ್ತಲು ಬಳಸಿ ನೇರ ಕಣಕ್ಕೆ ಬಂದಳು. ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಸಿಟ್ಟಿನ ಮುಖವನ್ನು ಎದುರಿಸಲು ಕಾಶಿನಾಥ ತಯಾರಾಗಿದ್ದ; ಆದರೆ ಅವಳದು ಸತ್ತವರ ಮನೆಯ ಬಾಗಿಲಿಗೆ ಬಂದವರ ಮುಖವಾಗಿತ್ತು. ಅಗೆದ ತಗ್ಗು ನೋಡಿದಳು, ಉಳಿದ ಇಟ್ಟಂಗಿ ನೋಡಿದಳು.

“ಎಷ್ಟ ಮನಿ ಕಟ್ಟತಾರಂತ?” ಎಂದು ಮೆಲ್ಲಗೆ ಕೇಳಿದಳು.

ಅವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನಿಸಿತು. “ಯಾವ ಮನಿ ಯವ್ವಾ?”

“ಪ್ಲಾಟಿನವರಿಗೆ ಕೊಟ್ಟಿ ಅಲ್ಲಾ. ಪಾಯಾ ತಗದಾರ, ಇಟ್ಟಂಗಿ ಬಿದ್ದಾವ ಅಂತ ಬಸವಣ್ಣೆಪ್ಪ ಹೇಳಿದ. ನನ್ನ ಒಂದ್ ಮಾತ ಕೇಳಬೇಕಿತ್ತು ಕಾಶಿ. ಕೊಡಬ್ಯಾಡ ಅಂತಿದ್ನೋ, ಕೊಡು ಅಂತಿದ್ನೋ, ಕೇಳಬೇಕಿತ್ತು.”

ಆಗ ಹೊಳೆಯಿತು ಅವನಿಗೆ. ಕಲಘಟಗಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಇಲ್ಲಿ, ಇಷ್ಟು ದಾರಿಯೂ ಅವ್ವ ಕಣ ಹೋಯಿತೆಂದುಕೊಂಡೇ ಬಂದಿದ್ದಾಳೆ. ಇಷ್ಟು ದಾರಿಯೇಕೆ, ಆ ಒಂದು ‘ನೋಡೂಣು’ ಕೇಳಿದಂದಿನಿಂದ ವರ್ಷವಿಡೀ ಹಾಗೆಯೇ ಬದುಕಿದ್ದಾಳೆ. ತಾನು ಮಾಡಿದ ಕೆಟ್ಟ ಕೆಲಸ ಯಾವುದೆಂದು ಅವನಿಗೆ ಈಗ ತಿಳಿಯಿತು; ಅಗೆದದ್ದಲ್ಲ, ಆ ಮಾತು.

“ಮಾರಿಲ್ಲ ಯವ್ವಾ. ನಿನ್ನಾಣಿ ಮಾರಿಲ್ಲ. ಇದು ಸೈಕಲ್ ಹಾರಸಾಕ ಮಾಡಿದ್ದು.”

ದೇವಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹಿಟ್ಟು ಮೆತ್ತಿದ ಅಂಗಿ, ಮಣ್ಣು ಮೆತ್ತಿದ ಪ್ಯಾಂಟು. ಐವತ್ತರ ಹತ್ತಿರ ಬಂದವನು ಸುಳ್ಳು ಹೇಳುವುದಾದರೂ ನಂಬುವಂಥದ್ದು ಹೇಳಬೇಕು ಎಂದಳು. ಅವನು ಗೋಡೆಗೆ ಒರಗಿಸಿದ್ದ ಸೈಕಲ್ ತೋರಿಸಿದ. ಅದನ್ನು ನೋಡಿ ಅವಳ ಸಂಶಯ ಇನ್ನೂ ಜಾಸ್ತಿಯಾಯಿತು. ಸೀಟೇ ಇಲ್ಲದಂಥ ಸೈಕಲ್ಲನ್ನು ಮನುಷ್ಯರು ಹೊಡೆಯುತ್ತಾರೆಂದು ಅವಳು ನಂಬಲು ತಯಾರಿರಲಿಲ್ಲ.

“ಹಂಗಾರ ಹಾರಿ ತೋರಸು,” ಎಂದಳು.

ನೋಡೂಣು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕಾಶಿನಾಥ ಅದನ್ನು ನುಂಗಿದ. ಅವ್ವನ ಬರಿಗಾಲು ಕಂಡು ತನ್ನ ಬೂಟು ಬಿಚ್ಚಿ ಅಂಚಿಗಿಟ್ಟ. ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಶೈಲಾ ಹೆಲ್ಮೆಟ್ ತಂದು ತಾನೇ ಅವನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದಳು. ಬಯ್ಯಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

ಪೆಡಲಿನ ಮೊಳೆಗಳು ಅಂಗಾಲಿಗೆ ಚುಚ್ಚಿದವು. ಮೇಟಿಯ ಕುಳಿಯ ಹತ್ತಿರದಿಂದ ತುಳಿದ. ದಿಬ್ಬ ಎದುರಿಗೆ ಬಂತು, ಮುಂದಿನ ಗಾಲಿ ಏರಿತು, ಆ ಹಾಳಾದ ತುದಿ ಕಂಡಿತು. ಬೆರಳು ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಇಲ್ಲಿ ನಿಂತರೆ ಅವ್ವ ನಂಬುವುದಿಲ್ಲ ಎಂದುಕೊಂಡ, ಎಲ್ಲ ಬೆರಳುಗಳಿಂದ ಹಿಡಿಕೆಯನ್ನೇ ಬಿಗಿಹಿಡಿದ. ಮರುಕ್ಷಣ ಗಾಲಿಯ ಗರಗರ ನಿಂತಿತು. ಗಿರಣಿಯ ಸದ್ದು ಕಿವಿಯಲ್ಲಿ ಸದಾ ಇರುತ್ತಿತ್ತಲ್ಲ, ಅದೂ ನಿಂತಿತು. ಕೆಳಗೆ ತಾನೇ ಅಗೆದ ತಗ್ಗು, ಬಾಜುವಿಗೆ ಸೆರಗು ಹಿಡಿದ ಅವ್ವ, ಎಲ್ಲ ಸುಮ್ಮನಿದ್ದವು. ಆಮೇಲೆ ಧಡ್ ಎಂದು ಆಚೆಯ ದಿಬ್ಬ ಕೆಳಗೆ ಬಂತು. ಬಿದ್ದನೇ? ಇಲ್ಲ. ಆದರೆ ಬ್ರೇಕು ಮುಟ್ಟಬಾರದೆಂದು ಅಷ್ಟು ಗಟ್ಟಿಯಾಗಿ ನಿಶ್ಚಯಿಸಿದವನಿಗೆ, ಇಳಿದ ಮೇಲೆ ಮುಟ್ಟಬಹುದೆಂಬುದು ಮರೆತೇ ಹೋಗಿತ್ತು. ಸೈಕಲ್ ಸಮೇತ ಹೋಗಿ ಕಣದ ಆಚೆ ತುದಿಯಲ್ಲಿದ್ದ ಜೋಳದ ಕಣಕಿಯ ಬಣವೆಯೊಳಗೆ ಸೊಂಟದವರೆಗೆ ಹೊಕ್ಕ.

ಶೈಲಾ ಓಡಿದಳು. ಬಣವೆಯಿಂದ ಕಣಕಿ ಉಗುಳುತ್ತ ಹೊರಬಂದವನು ಮೊದಲು ಅವ್ವನ ಕಡೆ ನೋಡಿದ. ದೇವಕ್ಕ ದಿಬ್ಬದ ಬುಡದಲ್ಲಿ ಕೂತುಬಿಟ್ಟಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮೈಯೆಲ್ಲ ಕುಲುಕುತ್ತಿತ್ತು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಅವಳು ನಗುತ್ತಿದ್ದಳು.

“ಖರೇನ ಹಾರಸಾಕ ಮಾಡ್ಯಾನ,” ಎಂದು ಸೊಸೆಗೆ ಹೇಳಿದಳು. “ಮಾರಿಲ್ಲ ಬೇ ಇವಾ.”

ಕಾಶಿನಾಥನಿಗೆ ಎದೆಯ ಮೇಲಿದ್ದ ಬೀಸುವ ಕಲ್ಲು ಇಳಿಸಿದಂತಾಯಿತು. ಅವಳ ಪಕ್ಕ ಕೂತು, ಕೇಳದೆ ಕಣ ಅಗೆದೆ, ತಪ್ಪಾಯಿತು ಎಂದ.

“ಅಗದಿದ್ದು ಮುಚ್ಚಾಕ ಬರತೈತಿ,” ಎಂದಳು ದೇವಕ್ಕ. “ಹಂತಿ ನಿಂತ ಮ್ಯಾಲ ಇಲ್ಲಿ ಯಾರದೂ ಬೆವರ ಬಿದ್ದಿದ್ದಿಲ್ಲ. ನಿಂದಾದ್ರೂ ಬಿತ್ತು.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಪ್ಲಾಟಿನವರು ಮತ್ತ ಬಂದ್ರ ಏನಂತಿ?”

“ಇಲ್ಲ ಅಂತೀನಿ.”

“ಇನ್ನೊಮ್ಮಿ ಅನ್ನು.”

“ಇಲ್ಲ ಅಂತೀನಿ ಯವ್ವಾ.”

ಮುಂಜಾನೆಯಿಂದ ಮುಷ್ಟಿಯಲ್ಲಿ ಹಿಡಿದೇ ಇದ್ದ ಕೈಚೀಲವನ್ನು ದೇವಕ್ಕ ಆಗ ಕೆಳಗಿಟ್ಟಳು. ಗಾಲಿ ಹಾಯ್ದು ಸಡಿಲಾಗಿದ್ದ ದಿಬ್ಬದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು, ಮೇಲಿನ ಮಣ್ಣು ಉದುರಿತು. ಹೀಗೆ ಒಣ ಬಡಿದರೆ ನಿಲ್ಲುವುದಿಲ್ಲ, ನಾಳೆ ಸಗಣಿ ಕಲಸಿ ಸಾರಿಸಿ ಕೊಡುತ್ತೇನೆ, ಆದರೆ ಚಪ್ಪಲಿ ಹಾಕಿಕೊಂಡು ಯಾವನೂ ಇದರ ಮೇಲೆ ಹತ್ತಬಾರದು, ಹುಬ್ಬಳ್ಳಿಯವರು ಬಂದರೂ ಅಷ್ಟೇ ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

“ಶೈಲಾ, ಹಸಿವಾಗೈತಿ ನನಗ. ಮುಂಜಾನಿಂದ ಹೊಟ್ಟಿಗೆ ಏನೂ ಬಿದ್ದಿಲ್ಲ. ರೊಟ್ಟಿ ಇಲ್ಲೇ ತಾ.”

ಹಂತಿ ಇದ್ದ ದಿನಗಳಲ್ಲಿ ಬುತ್ತಿ ಕಣಕ್ಕೇ ಬರುತ್ತಿತ್ತು. ಶೈಲಾ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಳು. ಮೂವರೂ ದಿಬ್ಬಕ್ಕೆ ಬೆನ್ನು ಕೊಟ್ಟು ಕೂತು ಊಟ ಮಾಡಿದರು.