ಕಂಪ್ಯೂಟರಿನ ಹಣೆ

ಸಿಂಧನೂರಿನಲ್ಲಿ ನನ್ನ ಮನೆ ಇರುವುದು ಅಕ್ಕಿ ಗಿರಣಿಗಳ ಸಾಲಿನ ಹಿಂದೆ. ಭತ್ತದ ಸುಗ್ಗಿ ಬಂತೆಂದರೆ ಎಷ್ಟು ಗುಡಿಸಿದರೂ ಅಷ್ಟೇ, ಹೊಟ್ಟಿನ ದೂಳು ಹಾಲಿನ ಪಾತ್ರೆಗೂ ಬೀಳುತ್ತದೆ. ಈ ಸಲ ಅದು ನನ್ನ ಕಂಪ್ಯೂಟರಿನ ಕುತ್ತಿಗೆ ಹಿಡಿಯಿತು. ಊಟದ ಡಬ್ಬಿಗಿಂತ ತುಸು ದೊಡ್ಡದಾದ ಆ ಪೆಟ್ಟಿಗೆಯಲ್ಲೇ ನಾನು ಲಗ್ನಪತ್ರಿಕೆ ತಯಾರಿಸುವುದು. ವಧುವಿನ ಹೆಸರು ಮುಗಿದು ವರನ ಹೆಸರಿಗೆ ಬರುವಷ್ಟರಲ್ಲಿ ಅದು ಕಾದು ಕೆಂಡವಾಗಿ ತಾನೇ ಆರಿಹೋಗುತ್ತಿತ್ತು.

ಮಸ್ಕಿಯಲ್ಲಿರುವ ಮೈದುನನಿಗೆ ಫೋನು ಹಚ್ಚಿದೆ. "ಅದರ ಆಯುಷ್ಯ ಮುಗದೈತಿ ಅತ್ತಿಗೀ. ಒಗೀರಿ ಅತ್ತಾಗ, ಹೊಸಾದು ತರೂಣು" ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ತನ್ನ ಸ್ವಂತ ಅಣ್ಣ, ನನ್ನ ಗಂಡ, ತೀರಿಕೊಂಡಾಗಲೂ ದಿನಕರ್ಮ ಮುಗಿದದ್ದೇ ಬಟ್ಟೆಬರೆ ಗಂಟು ಕಟ್ಟಿ ಒಯ್ದವನು ಇವನೇ. ಮಾತು ಬೆಳೆಸದೆ ಫೋನಿಟ್ಟೆ. ಅವರ ಕೈ ಆಡಿದ್ದು ಅಂತ ಈ ಮನೆಯಲ್ಲಿ ಉಳಿದಿರುವುದು ಆ ಪೆಟ್ಟಿಗೆ ಒಂದೇ. ಅದನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಮಧ್ಯಾಹ್ನ ಅದನ್ನು ಹೊರಗಿನ ಕಟ್ಟೆಗೆ ಒಯ್ದು ಮುಚ್ಚಳ ಬಿಚ್ಚಿದೆ. ಈ ಸ್ಕ್ರೂ ಹಿಡಿದುಕೊ ಎನ್ನಲು ಒಂದು ಜೀವವಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡೆ. ಫ್ಯಾನಿನ ಸುತ್ತ ದೂಳು ಇತ್ತು, ನಿಜ. ಆದರೆ ಅದು ಬೂದು ಬಣ್ಣದ್ದಲ್ಲ, ಕೆಂಪಗೆ ಹೆಪ್ಪುಗಟ್ಟಿತ್ತು. ಕುಂಕುಮ!

ಇದು ನನ್ನವರದೇ ಕೆಲಸ. ಅಮಾವಾಸ್ಯೆ ಬಂದರೆ ಊರಿನವರು ಲಾರಿ, ಟ್ರ್ಯಾಕ್ಟರು ತೊಳೆದು ಕಾಯಿ ಒಡೆಯುತ್ತಾರೆ. ನನ್ನ ಗಂಡ ಕಂಪ್ಯೂಟರಿಗೆ ವಿಭೂತಿ ಬಳಿದು, ಗಾಳಿಯಾಡಲೆಂದು ಮಾಡಿದ ಮೇಲಿನ ತೂತುಗಳ ಮೇಲೇ ಚಿಟಿಕೆ ತುಂಬ ಕುಂಕುಮ ಏರಿಸುತ್ತಿದ್ದರು.

"ಅಲ್ಲ್ಯಾಕ್ರೀ, ಒಳಗ ಬೀಳತೈತಿ" ಅಂದರೆ, "ದುಡಿಯೋದಕ್ಕ ಹಣಿ ಅಂತ ಒಂದು ಬೇಕಲ್ಲೇನ ಲೇ" ಎನ್ನುತ್ತಿದ್ದರು.

ಭಕ್ತಿ ಹೆಚ್ಚಾಗಿ ದೇವರಿಗೇ ಉಸಿರು ಕಟ್ಟಿಸಿದ ಪುಣ್ಯಾತ್ಮ! ನಗು ಬಂತು. ಯಾರ ಮುಂದೆ ನಗುವುದು? ಅವರು ಹೋದ ಮೇಲೆ ನಾನು ಅಮಾವಾಸ್ಯೆ ಪೂಜೆ ಮಾಡಿಲ್ಲ, ಮನೆಯಲ್ಲಿ ಕುಂಕುಮದ ಭರಣಿಯೇ ಇಲ್ಲ. ಅಂದರೆ ಒಳಗಿದ್ದುದೆಲ್ಲ ಅವರು ಏರಿಸಿದ್ದೇ. ತೆಗೆದರೆ ಅದು ಹೋಯಿತು, ತೆಗೆಯದಿದ್ದರೆ ಪೆಟ್ಟಿಗೆಯೇ ಹೋಯಿತು.

ಕೊನೆಗೆ ಫ್ಯಾನು ತಿರುಗದಂತೆ ಒಂದು ಊದಿನಕಡ್ಡಿ ಸಿಕ್ಕಿಸಿ, ಒಣ ಬ್ರಷ್ಷಿನಿಂದ ಮೆಲ್ಲಗೆ ಕೆರೆದೆ. ಸಂದಿಯಲ್ಲಿದ್ದದ್ದು ಬರಲಿಲ್ಲ. ಬಗ್ಗಿ ಜೋರಾಗಿ ಊದಿದೆ. ಎಲ್ಲ ಎದ್ದು ಬೆವತ ಮುಖಕ್ಕೇ ರಾಚಿತು.

ಕೊಡ ಹಿಡಿದು ಹೊರಟಿದ್ದ ಎದುರು ಮನೆಯಾಕೆ ನನ್ನ ನೋಡಿ ನಿಂತಳು. ದನಿ ತಗ್ಗಿಸಿ, "ಯಕ್ಕಾ, ಹಣಿಗೆ ಕುಂಕುಮ ಹತ್ತೈತಿ. ಒರಸ್ಕೋರಿ, ಯಾರರ ನೋಡ್ಯಾರು" ಎಂದಳು.

"ನೋಡಲಿ ಬಿಡವಾ" ಎಂದೆ.

ಮುಚ್ಚಳ ಕೂಡಿಸಿ ಒಳಗೊಯ್ದು ಚಾಲೂ ಮಾಡಿದೆ. ವರನ ಹೆಸರು, ಅವನ ತಂದೆತಾಯಿ, ಮುಹೂರ್ತ ಎಲ್ಲ ಮುಗಿಯುವವರೆಗೂ ತಣ್ಣಗಿತ್ತು. ಸಂಜೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ. ಮುಖ ತೊಳೆಯಲಿಲ್ಲ.